ಆಮೆ ಬುಕ್ ಮಾಡಿದ ಕೋಣೆ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ಕಡಲಿನ ಪ್ರಾಣಿಗಳ ಬಗ್ಗೆ ನಗಿಸುವಂಥ ವಿಜ್ಞಾನ ಕತೆ ಬರೆಯುವುದು ಹೇಗೆ? ಟೀಚರುಗಳೇ, ಅಪ್ಪ ಅಮ್ಮಂದಿರೇ, ರೇಡಿಯೊ ಪಕ್ಕ ಕೂತ ಮಕ್ಕಳೇ, ನಾನು ಹೇಳುವುದು ಒಂದೇ ಮಾತು. ಮೊದಲು ಪ್ರಾಣಿ, ಆಮೇಲೆ ಕತೆ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ನಗು ತಾನಾಗಿ ಬರುತ್ತದೆ. ಕಡಲನ್ನು ಉಳಿಸಿ ಅಂತ ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಮಕ್ಕಳ ಕತೆ ಸ್ಪರ್ಧೆಗಳಿಗೆ ನನ್ನನ್ನು ಕರೆಯುತ್ತಾರೆ. ಎಷ್ಟೋ ಕತೆಗಳಲ್ಲಿ ಡಾಲ್ಫಿನ್ ಮೈಕ್ ಹಿಡಿದು "ಪ್ಲಾಸ್ಟಿಕ್ ಎಸೆಯಬೇಡಿ" ಅಂತ ಭಾಷಣ ಮಾಡುತ್ತದೆ. ನನಗೆ ಬೇಸರವಾಗುತ್ತದೆ. ಅದು ಡಾಲ್ಫಿನ್ ಅಲ್ಲ, ಡಾಲ್ಫಿನ್ ವೇಷ ಹಾಕಿದ ಹೆಡ್‌ಮಾಸ್ತರು. ಮಕ್ಕಳಿಗೂ ಅದು ಗೊತ್ತಾಗುತ್ತದೆ, ಅಲ್ವಾ?

ಒಮ್ಮೆ ಹೊನ್ನಾವರದ ಹತ್ತಿರ, ಕಡಲ ಪಕ್ಕದ ಶಾಲೆಯೊಂದಕ್ಕೆ ಹೋಗಿದ್ದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕತೆ ತೋರಿಸಿದಳು. ಮೀನುಗಾರರ ಮನೆಯ ಹುಡುಗಿ. ಅವಳ ಕಡಲಾಮೆ ರಾಕೆಟ್ಟಿನಲ್ಲಿ ಕೂತು ಲೇಸರ್ ಗನ್ನಿನಿಂದ ಕಸ ಸುಡುತ್ತಿತ್ತು. "ಆಮೆ ಮೊಟ್ಟೆ ಇಡೋದು ನೋಡಿದ್ದೀಯಾ?" ಅಂತ ಕೇಳಿದೆ. "ಇಲ್ಲ ಅಕ್ಕೋರೇ, ಅಜ್ಜ ನೋಡಿದ್ದಾರೆ" ಅಂದಳು. ಮನೆ ಮುಂದಿನ ಮರಳಿಗೇ ಆಮೆ ಬರುತ್ತದೆ, ಮಗು ನೋಡಿಲ್ಲ!

ಆಗ ಜನವರಿ. ಅರಣ್ಯ ಇಲಾಖೆಯ ಕಾವಲುಗಾರರ ಜೊತೆ, ಅಜ್ಜನನ್ನೂ ಕರೆದುಕೊಂಡು, ರಾತ್ರಿ ಹೊತ್ತು ದಂಡೆಯಲ್ಲಿ ನಡೆದೆವು. ಎರಡು ರಾತ್ರಿ ಸುಮ್ನೆ ತಿರುಗಿದ್ದೇ ಆಯಿತು. ಮೂರನೇ ರಾತ್ರಿ, ಒಂದು ಗಂಟೆ ದಾಟಿದ ಮೇಲೆ, ಅಜ್ಜ ಕೈ ಅಡ್ಡ ಹಿಡಿದು ನಿಲ್ಲಿಸಿದರು. ನೀರಿನಿಂದ ಮೇಲಕ್ಕೆ ಟ್ರ್ಯಾಕ್ಟರ್ ಚಕ್ರ ಉರುಳಿದಂಥ ಗುರುತು. ಅದರ ತುದಿಯಲ್ಲಿ ಒಂದು ಆಲಿವ್ ರಿಡ್ಲಿ ಆಮೆ. ಹಿಂಗಾಲನ್ನು ಸೌಟಿನ ಹಾಗೆ ಬಾಗಿಸಿ ಮರಳು ತೋಡುತ್ತಿತ್ತು, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಆಮೇಲೆ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಮೊಟ್ಟೆಗಳು ಎರಡೆರಡಾಗಿ, ಮೂರುಮೂರಾಗಿ ಗುಂಡಿಗೆ ಬಿದ್ದವು. ಕಣ್ಣಿನಿಂದ ಅಂಟು ಅಂಟಾದ ನೀರು ಇಳಿಯುತ್ತಿತ್ತು. "ಅಳ್ತಾ ಇದೆಯಾ?" ಅಂತ ಹುಡುಗಿ ಪಿಸುಗುಟ್ಟಿದಳು. ಅಳು ಅಲ್ಲ. ಮೈಯಲ್ಲಿ ಜಾಸ್ತಿಯಾದ ಉಪ್ಪನ್ನು ಆಮೆ ಹಾಗೆ ಹೊರಗೆ ಹಾಕುತ್ತದೆ. ಸುಮಾರು ನೂರು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೈಯನ್ನು ಎಡಕ್ಕೆ ಬಲಕ್ಕೆ ಒಲೆದು ಧಪ್ ಧಪ್ ಅಂತ ನೆಲ ಬಡಿಯಿತು. ಮರಳು ಗಟ್ಟಿಯಾಗಿ ಕೂರಲಿ ಅಂತ. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಅಕ್ಕೋರೇ, ಥೇಟ್ ಯಕ್ಷಗಾನ!"

ಮರುದಿನ ರಾಕೆಟ್ಟಿನ ಕತೆಯನ್ನು ಅವಳೇ ಹರಿದು ಹಾಕಿ ಹೊಸದು ಬರೆದಳು. ಅದನ್ನು ಹೇಳದೆ ನಾನು ಮುಂದೆ ಹೋಗುವುದಿಲ್ಲ.

2085ನೇ ಇಸವಿ. ದಂಡೆಯ ತುಂಬ ರೆಸಾರ್ಟು. ರಾತ್ರಿ ಆಮೆಯೊಂದು ತೆವಳಿಕೊಂಡು ಬಾಗಿಲಿಗೆ ಬರುತ್ತದೆ. ಕೌಂಟರಿನಲ್ಲಿರುವುದು ರೋಬೋ. "ಬುಕಿಂಗ್ ಇದೆಯಾ?" "ಇದೆ. ನಾನು ಹುಟ್ಟಿದ್ದೇ ಇಲ್ಲಿ, ನಿನ್ನ ಟೇಬಲ್ಲಿನ ಕೆಳಗೆ." "ಗುರುತಿನ ಚೀಟಿ?" "ಭೂಮಿಯ ಅಯಸ್ಕಾಂತವನ್ನು ಕೇಳು. ಅದನ್ನೇ ಹಿಡಿದುಕೊಂಡು ದಾರಿ ಹುಡುಕಿ ಬಂದೆ." ರೋಬೋ ಏಸಿ ಕೋಣೆ ಕೊಡುತ್ತದೆ. ಆಮೆ ಒಪ್ಪುವುದಿಲ್ಲ. "ಏಸಿ ಹಾಕಿದರೆ ಎಲ್ಲ ಗಂಡು ಮರಿ. ಹೀಟರ್ ಹಾಕಿದರೆ ಎಲ್ಲ ಹೆಣ್ಣು. ನನಗೆ ಮರಳೇ ಆಗಬೇಕು." "ಎಷ್ಟು ದಿನ ಇರುತ್ತೀರಿ?" "ನಾನು ಒಂದು ಗಂಟೆ. ಮಕ್ಕಳು ಐವತ್ತು ದಿನ." "ಎಷ್ಟು ಮಕ್ಕಳು?" "ನೂರಾ ಹತ್ತು. ಇನ್ನೊಂದು ಮಾತು, ಲೈಟೆಲ್ಲ ಆರಿಸು. ಬೆಳಕು ಕಂಡ ಕಡೆಯೇ ಕಡಲು ಅಂದುಕೊಂಡು ಮಕ್ಕಳು ನಿನ್ನ ಈಜುಕೊಳಕ್ಕೆ ನುಗ್ಗುತ್ತವೆ." ರೋಬೋ ಪಾಪ, ಅತಿಥಿ ಹೇಳಿದ್ದನ್ನು ಕೇಳಲೇಬೇಕು. ಟೈಲ್ಸ್ ಕಿತ್ತು ಮರಳು ಹರಡುತ್ತದೆ, ಇಡೀ ದಂಡೆಯ ದೀಪ ಆರಿಸುತ್ತದೆ. ಐವತ್ತನೇ ರಾತ್ರಿ ನೂರಾ ಹತ್ತು ಮಂದಿ ಬಿಲ್ ಕೊಡದೆ ಕಡಲಿಗೆ ಓಡುತ್ತಾರೆ.

ಇದರಲ್ಲಿ ರೋಬೋ ಒಂದೇ ಕಲ್ಪನೆ. ಮರಳಿನ ಬಿಸಿ ಜಾಸ್ತಿಯಾದರೆ ಹೆಣ್ಣು, ಕಡಿಮೆಯಾದರೆ ಗಂಡು, ಇದು ನಿಜ. ಮರಿಗಳು ಬೆಳಕಿನ ಕಡೆ ಓಡುವುದು ನಿಜ. ದಂಡೆಯ ದೀಪಕ್ಕೆ ಮೋಸಹೋಗಿ ರಸ್ತೆ ಕಡೆ ಹೋಗಿ ಸಾಯುವುದೂ ನಿಜ. ಆ ಶಾಲೆಯಲ್ಲಿ ಕತೆ ಓದಿದ ದಿನ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಜೆ ಮೂರು ಮನೆಯವರು ಕಡಲ ಕಡೆಯ ಬಲ್ಬಿಗೆ ತಗಡಿನ ಮರೆ ಕಟ್ಟಿದ್ದರು. ಯಾರೂ ಭಾಷಣ ಮಾಡಿರಲಿಲ್ಲ. ಮೊದಲು ಪ್ರಾಣಿ, ಆಮೇಲೆ ಕತೆ.

ಸಮಯ ಆಗುತ್ತಾ ಬಂತು, ಬೇಗ ಹೇಳುತ್ತೇನೆ. ಅಷ್ಟಪದಿಗೆ, ಅಂದರೆ ಆಕ್ಟೋಪಸ್ಸಿಗೆ, ಮೂರು ಹೃದಯ, ನೀಲಿ ರಕ್ತ. ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗಳಲ್ಲೇ ಇವೆ. ಎಂಟು ಕೈಯೂ ಬೇರೆ ಬೇರೆ ಯೋಚಿಸಿದರೆ ಅದು ಬಸ್ ಹತ್ತುವುದು ಹೇಗೆ, ಬರೆಯಿರಿ. ಕೋಡಂಗಿ ಮೀನಿನ, ಅಂದರೆ ಕ್ಲೌನ್‌ಫಿಶ್ಶಿನ, ಗುಂಪಿನಲ್ಲಿ ಹೆಣ್ಣು ಸತ್ತರೆ ದೊಡ್ಡ ಗಂಡೇ ಹೆಣ್ಣಾಗುತ್ತದೆ. ತಿಮಿಂಗಿಲದ ಸಗಣಿ ಕಡಲಿನ ಸಣ್ಣ ಸಣ್ಣ ಸಸ್ಯಗಳಿಗೆ ಗೊಬ್ಬರ. 2085ರಲ್ಲಿ ಆ ಗೊಬ್ಬರಕ್ಕೆ ತಿಮಿಂಗಿಲ ಎಷ್ಟು ಬೆಲೆ ಹೇಳಬಹುದು?

ಕರಾವಳಿಯ ಟೀಚರುಗಳೇ, ಆಮೆಗಳು ಮಾರ್ಚ್‌ವರೆಗೆ ಬರುತ್ತವೆ. ಅರಣ್ಯ ಇಲಾಖೆಯವರನ್ನು ಕೇಳಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಮೊಬೈಲ್ ಫ್ಲ್ಯಾಶ್ ಬೇಡವೇ ಬೇಡ. ಆಮೆಯ ಎದುರಿಗೆ ಹೋಗಬೇಡಿ, ಹಿಂದೆ ದೂರದಲ್ಲಿ ಮಾತಾಡದೆ ಕೂತುಕೊಳ್ಳಿ. ಕುಣಿಯುವುದನ್ನು ನೋಡದೆ ಎದ್ದು ಬರಬೇಡಿ. ನಮಸ್ಕಾರ.