ಒಂದೇ ಗವಿಯನ್ನು ನಂಬಿದ ಬಾವಲಿ

ಮಾನ್ಯ ಸಭಿಕರೆ,

ವನ್ಯಜೀವಿ ಸಂರಕ್ಷಣೆ ಎಂದೊಡನೆ ನಮ್ಮ ಮನಸ್ಸು ಬಂಡೀಪುರದ ಹುಲಿಯತ್ತ, ನಾಗರಹೊಳೆಯ ಆನೆಯತ್ತ ಓಡುತ್ತದೆ. ನಾನು ಇಂದು ನಿಮ್ಮನ್ನು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದು ಗವಿಗೆ ಕರೆದೊಯ್ಯಬೇಕೆಂದಿದ್ದೇನೆ. ಅಲ್ಲಿ ತಲೆಕೆಳಗಾಗಿ ನೇತಾಡುವ, ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾದ ಎಲೆಮೂಗಿನ ಬಾವಲಿಯನ್ನು ವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದ್ದು 1994ರಲ್ಲಿ. ಹಿಂದೆ ತೇರಹಳ್ಳಿಯ ಕಡೆಯೂ ಕಂಡಿದ್ದ ಈ ಜೀವಿಗೆ ಇಂದು ತಿಳಿದಿರುವ ನೆಲೆ ಹನುಮನಹಳ್ಳಿಯ ಗವಿಯೊಂದೇ. ಅಲ್ಲಿರುವ ಬಾವಲಿಗಳ ಸಂಖ್ಯೆ 200ಕ್ಕೂ ಕಡಿಮೆಯೆಂದು ಅಂದಾಜಿಸಿ, ಅಂತರರಾಷ್ಟ್ರೀಯ ಕೆಂಪುಪಟ್ಟಿಯು 2016ರಲ್ಲಿ ಇದನ್ನು ಅಳಿವಿನ ಅಂಚಿನಲ್ಲಿರುವ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿತು.

ಬಾವಲಿಯನ್ನು ಅಪಶಕುನವೆಂದು ಕಾಣುವ ಹಳ್ಳಿಯವರನ್ನೇ ನಾವು ಸುಲಭವಾಗಿ ದೂರುತ್ತೇವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹಣ್ಣು ತಿನ್ನುವ ಬಾವಲಿಗಳನ್ನು ಕಾಗೆ, ಇಲಿಗಳ ಜೊತೆಗೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಇರಿಸಿತ್ತು. ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಿಂದ. ಅಕ್ಷರ ಬಲ್ಲವರ ಅಜ್ಞಾನ ಅರ್ಧ ಶತಮಾನ ಕಾನೂನಾಗಿಯೇ ನಡೆಯಿತು ಎಂಬುದನ್ನು ಮರೆಯಬಾರದು. ಕೇರಳದಲ್ಲಿ 2018ರಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಭಯ ಇಮ್ಮಡಿಯಾಯಿತು. ನಿಪಾ ವೈರಾಣುವಿಗೆ ಆಶ್ರಯವಾಗಿರುವುದು ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ಕೋಲಾರದ್ದು ಇರುಳಲ್ಲಿ ಕೀಟಗಳನ್ನು ಹಿಡಿದು ತಿನ್ನುವ ಬೇರೆಯೇ ಕುಲ. ಜನರ ಬಾಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಒಂದೇ ಆರೋಪ.

ಈ ಬಾವಲಿಗೆ ದೊಡ್ಡ ಕಂಟಕವಾಗಿ ಬಂದದ್ದು ಕಲ್ಲುಗಣಿಗಾರಿಕೆ. ಗ್ರಾನೈಟಿಗಾಗಿ ಬಂಡೆಯನ್ನು ಸೀಳಿದಾಗ ಗವಿಯೂ ಅಲುಗುತ್ತದೆ, ಒಳಗಿನ ತಂಪೂ ತೇವವೂ ಕೆಡುತ್ತವೆ. ಕಾಡು ಕಡಿದರೆ, ತಡವಾಗಿಯಾದರೂ, ಮತ್ತೆ ಗಿಡ ನೆಡಬಹುದು. ಒಡೆದ ಗವಿಯನ್ನು ಕಟ್ಟಿಕೊಡುವ ಇಲಾಖೆ ಯಾವುದೂ ಇಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿ ಅಧ್ಯಯನ ನಡೆಸಿದ್ದರಿಂದಲೇ ಈ ಬಂಡೆಗೂ ಒಂದು ಜೀವಸಂಕುಲದ ಉಳಿವಿಗೂ ಇರುವ ನಂಟು ಹೊರಜಗತ್ತಿಗೆ ತಿಳಿಯಿತು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗವಿಗಳ ಕಥೆ ಸ್ವಲ್ಪ ಭಿನ್ನ. ರಾಟನ್ ಹೆಸರಿನ ಅಪರೂಪದ ಬಾವಲಿಗೆ ನೆಲೆಯಾದ ಆ ಗವಿಗಳು 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದ ಆಸರೆಯಲ್ಲಿವೆ. ಕಾಡು ಇದ್ದಲ್ಲಿ ಕಾಯುವುದು ನಮಗೆ ಗೊತ್ತು. ಕೋಲಾರದ ಬೋಳುಬೆಟ್ಟವನ್ನು ಕಂಡಾಗ ಅಲ್ಲಿ ಕಾಯಬೇಕಾದದ್ದು ಇದೆಯೆಂದೇ ನಮಗೆ ತೋರುವುದಿಲ್ಲ.

ಕಾಯುವ ಕ್ರಮವೂ ತಿಳಿದಿರಬೇಕು. ಕುತೂಹಲದಿಂದ ಟಾರ್ಚ್ ಹಿಡಿದು ಒಳಹೊಕ್ಕರೆ, ಮರಿ ಹೊತ್ತ ತಾಯಿ ಬೆದರಿ ಹಾರುವಾಗ ಮರಿ ಕೆಳಗೆ ಬೀಳಬಹುದು. ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಇಷ್ಟು ಚಿಕ್ಕ ಗುಂಪಿಗೆ ಆ ನಷ್ಟ ಸಣ್ಣದಲ್ಲ. ಅವುಗಳನ್ನು ನೋಡಲೇಬೇಕೆಂದಿದ್ದರೆ ಮುಸ್ಸಂಜೆಯ ಹೊತ್ತಿಗೆ ಗವಿಯ ಬಾಯಿಂದ ದೂರದಲ್ಲಿ, ದೀಪವಿಲ್ಲದೆ, ಸದ್ದಿಲ್ಲದೆ ಕುಳಿತರೆ ಸಾಕು: ಬೇಟೆಗೆ ಹೊರಟಾಗ ಅವು ತಾವಾಗಿಯೇ ಹೊರಬರುತ್ತವೆ.