ಇಕ್ಕೇರಿ ಕಂಡವರಿಗೆ ದಿಲ್ಲಿ

ಎಲ್ಲರಿಗೂ ನಮಸ್ಕಾರ.

ಬರುವ ಫೆಬ್ರವರಿಯಲ್ಲಿ ನಮ್ಮ ಸಾಗರದಿಂದ ಇಪ್ಪತ್ತೆರಡು ಜನ ದಿಲ್ಲಿಗೆ ಹೊರಟಿದ್ದೀರಿ. ಕೊನೆ ಕೊಯ್ಲು ಮುಗಿದು, ಅಡಿಕೆ ಒಣಗಿ ಚೀಲ ಸೇರಲಿ, ಆಮೇಲೆ ಹೊರಡೋಣ ಎಂದು ನೀವೇ ಆರಿಸಿಕೊಂಡ ತಿಂಗಳು ಅದು. ದಿಲ್ಲಿಗೂ ಅದೇ ಒಳ್ಳೆಯ ತಿಂಗಳು. ದೀಪಾವಳಿ ಹೊತ್ತಿಗೆ ಹೋದರೆ ಊರ ತುಂಬ ಹೊಗೆ, ಸಂಕ್ರಾಂತಿ ಹೊತ್ತಿಗೆ ಹೋದರೆ ಕಾವಳ ಮುಸುಕಿ ರೈಲುಗಳೇ ತಡ. ಫೆಬ್ರವರಿಯಲ್ಲಿ ಬಿಸಿಲು ಹಿತವಾಗಿರುತ್ತದೆ, ರಾಷ್ಟ್ರಪತಿ ಭವನದ ಹೂದೋಟವನ್ನೂ ಸಾಮಾನ್ಯವಾಗಿ ಆಗಲೇ ಜನರಿಗೆ ತೆರೆಯುತ್ತಾರೆ.

ಯಜಮಾನರ ಕೆಲಸದ ನಿಮಿತ್ತ ನಾನು ಹನ್ನೊಂದು ವರ್ಷ ದಿಲ್ಲಿಯಲ್ಲಿದ್ದೆ. ಊರಿಂದ ಬಂದ ನೆಂಟರಿಷ್ಟರಿಗೆ ದಿಲ್ಲಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ಈ ಮಾತು ಆಡಲು ನನ್ನನ್ನು ಕರೆದಿದ್ದೀರಿ. ನೀವು ಮಾಡಿಕೊಂಡ ಪಟ್ಟಿಯನ್ನು ನಿನ್ನೆ ಓದಿದೆ. ನಾಲ್ಕು ದಿನ, ಹತ್ತೊಂಬತ್ತು ಜಾಗ. ನನ್ನದು ಒಂದೇ ಬೇಡಿಕೆ: ಆ ಪಟ್ಟಿಯನ್ನು ಅರ್ಧ ಮಾಡಿ, ಉಳಿದದ್ದನ್ನು ರಾಜಧಾನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದ ಕ್ರಮದಲ್ಲಿ ನೋಡಿ.

ಮೊದಲ ವರ್ಷ ನಾನೂ ಒಂದು ಪ್ರವಾಸಿ ಬಸ್ಸಿನಲ್ಲಿ ಒಂದೇ ದಿನಕ್ಕೆ ಒಂಬತ್ತು ಜಾಗ ನೋಡಿದ್ದೆ. ಒಂದೊಂದು ಕಡೆ ಇಪ್ಪತ್ತು ನಿಮಿಷ. ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ ಹಾರ್ನ್. ರಾತ್ರಿ ಫೋನಿನಲ್ಲಿ ಅಮ್ಮ "ಎಂತೆಲ್ಲ ನೋಡಿದೆ?" ಎಂದು ಕೇಳಿದರೆ ಹೇಳಲು ಬಾಯಿಗೆ ಏನೂ ಬರಲಿಲ್ಲ. ಎಲ್ಲವೂ ಕೆಂಪು ಕಲ್ಲು, ಎಲ್ಲವೂ ಗುಮ್ಮಟ, ಯಾವುದು ಮೊದಲಿನದು ಯಾವುದು ಆಮೇಲಿನದು ಎಂದು ತಿಳಿದಿರಲಿಲ್ಲ.

ರಾಜಧಾನಿ ಸರಿಯುವುದು ನಮಗೆ ಹೊಸ ಸಂಗತಿಯಲ್ಲ. ಕೆಳದಿಯಲ್ಲಿ 1499ರಲ್ಲಿ ಚೌಡಪ್ಪ ನಾಯಕರಿಂದ ಶುರುವಾದ ಅರಸೊತ್ತಿಗೆ ಇಕ್ಕೇರಿಗೆ ಬಂತು. ಬಿಜಾಪುರದ ಸೇನೆ ಇಕ್ಕೇರಿಯನ್ನು ಹಾಳುಗೆಡವಿದ ಮೇಲೆ ವೀರಭದ್ರ ನಾಯಕರು ಕಾಡಿನ ನಡುವಿನ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ, ರಾಜಧಾನಿ ಸಾಗಿಸಿದರು. ಒಂದೇ ಮನೆತನ, ಮೂರು ಊರು. ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ, ನಗರದ ಕೋಟೆ, ಮೂರನ್ನೂ ಈ ಕ್ರಮದಲ್ಲಿ ನೋಡಿದವರಿಗೆ ಆ ಮನೆತನ ಬೆಳೆದ ಬಗೆ, ಅದು ಹೆದರಿದ ಹೊತ್ತು, ಅಡಗಿದ ಜಾಗ ಕಣ್ಣಿಗೆ ಕಟ್ಟುತ್ತದೆ. ದಿಲ್ಲಿ ಇದನ್ನೇ ಏಳು ಸಲ ಮಾಡಿದೆ. ಏಳು ದಿಲ್ಲಿಗಳು ಎನ್ನುವುದು ಅಲ್ಲಿನ ರೂಢಿಯ ಮಾತು. ಬ್ರಿಟಿಷರ ಹೊಸದಿಲ್ಲಿ ಎಂಟನೆಯದು. ಸ್ಥೂಲವಾಗಿ ಹೇಳುವುದಾದರೆ ದಕ್ಷಿಣದ ಕಲ್ಲುದಿಣ್ಣೆಗಳಲ್ಲಿ ಹುಟ್ಟಿ, ಯಮುನೆಯ ದಂಡೆ ಹಿಡಿದು ಉತ್ತರಕ್ಕೆ ಹೋಗಿ, ಕೊನೆಗೆ ನಡುವಿಗೆ ಬಂದು ಕೂತ ಊರು ಅದು.

ಆದ್ದರಿಂದ ಮೊದಲ ದಿನ ದಕ್ಷಿಣದಿಂದ ಶುರು ಮಾಡಿ. ಮೆಟ್ರೋದ ಹಳದಿ ಮಾರ್ಗದಲ್ಲಿ ಕುತುಬ್ ಮಿನಾರ್ ನಿಲ್ದಾಣ, ಅಲ್ಲಿಂದ ಆಟೋ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಮಿನಾರಿನ ಎತ್ತರ ಸುಮಾರು 73 ಮೀಟರ್. 253 ಮೀಟರ್ ಧುಮುಕುವ ಜೋಗದ ನೆರೆಯವರು ನಾವು, ಎತ್ತರಕ್ಕೆ ಬೆರಗಾಗಿ ಅಲ್ಲೇ ನಿಂತುಬಿಡಬೇಡಿ. ಪಕ್ಕದ ಮಸೀದಿಯ ಅಂಗಳಕ್ಕೆ ಬನ್ನಿ. ಅಲ್ಲಿನ ಕಂಬಗಳನ್ನು ಒಂದೊಂದಾಗಿ ನೋಡಿ. ಸರಪಳಿಯಲ್ಲಿ ತೂಗುವ ಗಂಟೆ, ಹೂಬಳ್ಳಿ, ಕಲಶ, ಎಲ್ಲವೂ ನಮ್ಮ ಕಣ್ಣಿಗೆ ಪರಿಚಯದವೇ. ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯಿಂದ ಇದನ್ನು ಕಟ್ಟಿದ್ದೆಂದು ಅಲ್ಲಿನ ಶಾಸನವೇ ಹೇಳುತ್ತದೆ. ನೋವಿನ ಸಂಗತಿ, ಮುಚ್ಚಿಡುವಂಥದ್ದಲ್ಲ. ಹಾಗೆಂದು ಮುಖ ತಿರುಗಿಸಿ ಬಂದರೆ ಆ ಕಂಬ ಕೆತ್ತಿದ ಕೈಗಳನ್ನೂ ನೋಡದೆ ಬಂದಂತಾಗುತ್ತದೆ. ನಾನು ಯಾವಾಗಲೂ ಅಲ್ಲಿ ಹೆಚ್ಚು ಹೊತ್ತು ಇರುತ್ತಿದ್ದೆ.

ಅದೇ ಅಂಗಳದ ನಡುವೆ ಕಬ್ಬಿಣದ ಕಂಬ ಇದೆ. ಗುಪ್ತರ ಕಾಲದ್ದು, ಸುಮಾರು 1600 ವರ್ಷ ಹಳೆಯದು, ಏಳು ಮೀಟರ್ ಉದ್ದ, ಆರು ಟನ್ನಿಗೂ ಹೆಚ್ಚು ತೂಕ. ಚಂದ್ರ ಎಂಬ ಅರಸನ ಹೆಸರಿರುವ ಬ್ರಾಹ್ಮಿ ಶಾಸನ ಅದರ ಮೈಮೇಲಿದೆ. ನಮ್ಮಲ್ಲಿ ಒಂದು ಮಳೆಗಾಲ ಹೊರಗಿಟ್ಟ ಕತ್ತಿ ತುಕ್ಕು ಹಿಡಿದು ಕೆಂಪಾಗುತ್ತದಲ್ಲ, ಇದು ಹೇಗೆ ಉಳಿಯಿತು? ಆ ಕಾಲದ ಕಮ್ಮಾರರು ಕರಗಿಸಿದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದಾಗಿ ಕಂಬದ ಮೇಲೆ ತೆಳುವಾದ ಒಂದು ಪದರ ಕಟ್ಟಿಕೊಂಡು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ದಿಲ್ಲಿಯ ಒಣ ಹವೆಯೂ ಜೊತೆಗೆ ನೆರವಾಗಿದೆ.

ದಕ್ಷಿಣಕ್ಕೆ ಮುಖ ಮಾಡಿದ ಅಲಾಯಿ ದರ್ವಾಜಾ ಎಂಬ ಬಾಗಿಲನ್ನು ತಪ್ಪಿಸಬೇಡಿ. ಅಲಾವುದ್ದೀನ್ ಖಿಲ್ಜಿ 1311ರಲ್ಲಿ ಕಟ್ಟಿಸಿದ್ದು. ಅದೇ 1311ರಲ್ಲಿ ಅವನ ದಂಡನಾಯಕ ಮಲಿಕ್ ಕಾಫೂರ್ ನಮ್ಮ ದ್ವಾರಸಮುದ್ರದ ಮುಂದೆ ಬಂದು ನಿಂತಿದ್ದ. ಮೂರನೆಯ ವೀರಬಲ್ಲಾಳ ಸಂಧಿ ಮಾಡಿಕೊಳ್ಳಬೇಕಾಯಿತು. ಹಳೇಬೀಡು ನೋಡಿದವರು ಆ ಬಾಗಿಲ ಕೆಳಗೆ ಒಂದು ಗಳಿಗೆ ನಿಂತು ಇದನ್ನು ನೆನೆಯಿರಿ. ಸ್ವಲ್ಪ ದೂರದಲ್ಲೇ ಒಂದು ದಪ್ಪ ಕಲ್ಲಿನ ಮೋಟು ಕಾಣುತ್ತದೆ. ಕುತುಬ್ ಮಿನಾರಿನ ಎರಡು ಪಟ್ಟು ಎತ್ತರದ ಮಿನಾರು ಕಟ್ಟುತ್ತೇನೆಂದು ಖಿಲ್ಜಿಯೇ ಹೊರಟದ್ದು ಅದು. 1316ರಲ್ಲಿ ಅವನು ಸತ್ತ, ಕೆಲಸ ಒಂದನೆಯ ಅಂತಸ್ತಿಗೇ ನಿಂತಿತು.

ಮಧ್ಯಾಹ್ನ ಶಕ್ತಿ ಇದ್ದವರು ತುಘಲಕಾಬಾದ್ ಕೋಟೆಗೆ ಹೋಗಬಹುದು. ಮೊಣಕಾಲು ನೋವಿನವರು ಬೇಡ, ಅಲ್ಲಿ ಏರಿಳಿತ ಜಾಸ್ತಿ, ನೆರಳಿಲ್ಲ. ಗಿಯಾಸುದ್ದೀನ್ ತುಘಲಕ್ ಕಟ್ಟಿಸಿದ ಈ ದೈತ್ಯ ಕೋಟೆ ಕೆಲವೇ ವರ್ಷಗಳಲ್ಲಿ ಪಾಳು ಬಿತ್ತು. ಸೂಫಿ ಸಂತ ನಿಜಾಮುದ್ದೀನ್ ಔಲಿಯಾರಿಗೂ ಈ ಸುಲ್ತಾನನಿಗೂ ವೈಮನಸ್ಸು ಇತ್ತಂತೆ. ಬಂಗಾಳದ ದಂಡಯಾತ್ರೆಯಿಂದ ಸುಲ್ತಾನ ಮರಳುತ್ತಿದ್ದಾನೆ, ನೀವು ಊರು ಬಿಡಿ ಎಂದು ಶಿಷ್ಯರು ಅಂಗಲಾಚಿದಾಗ ಸಂತರು "ದಿಲ್ಲಿ ಇನ್ನೂ ದೂರ" ಎಂದರಂತೆ. ಇದು ಜನರ ಬಾಯಲ್ಲಿ ಉಳಿದ ಕಥೆ. 1325ರಲ್ಲಿ ಸ್ವಾಗತಕ್ಕೆಂದು ಕಟ್ಟಿದ್ದ ಚಪ್ಪರದ ಮಂಟಪ ಕುಸಿದು ಸುಲ್ತಾನ ಊರು ಮುಟ್ಟುವ ಮುನ್ನವೇ ಸತ್ತದ್ದು ಇತಿಹಾಸ. ಅದೇ ವರ್ಷ ಸಂತರೂ ತೀರಿಕೊಂಡರು.

ಎರಡನೆಯ ದಿನ ಆ ಸಂತರ ದರ್ಗಾ ಇರುವ ನಿಜಾಮುದ್ದೀನ್ ಬಡಾವಣೆಯ ಕಡೆ. ದರ್ಗಾದ ಹತ್ತಿರವೇ ಹುಮಾಯೂನನ ಗೋರಿ. ಇಡೀ ದಿಲ್ಲಿಯಲ್ಲಿ ಒಂದೇ ಒಂದು ಜಾಗ ನೋಡಲು ಸಮಯವಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಹುಮಾಯೂನ್ 1556ರಲ್ಲಿ ಪುರಾನಾ ಕಿಲಾದ ಮೆಟ್ಟಿಲಿನಿಂದ ಬಿದ್ದು ಸತ್ತ. ಅವನ ಹೆಂಡತಿ ಬೇಗಾ ಬೇಗಂ 1560ರ ದಶಕದಲ್ಲಿ ಪರ್ಷಿಯಾ ಮೂಲದ ಶಿಲ್ಪಿ ಮೀರಕ್ ಮಿರ್ಜಾ ಘಿಯಾಸನಿಂದ ಈ ಗೋರಿ ಕಟ್ಟಿಸಿದಳು. ಇಲ್ಲಿ ಇಕ್ಕೇರಿ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲವೇ ಅದು. ತಾಜ್ ಮಹಲ್ ಬರಲು ಇನ್ನೂ ಏಳು ದಶಕ ಬೇಕಿತ್ತು; ತಾಜಿನ ಎತ್ತರದ ಜಗಲಿ, ನಾಲ್ಕು ಭಾಗದ ತೋಟ, ಉಬ್ಬಿದ ಬಿಳಿ ಗುಮ್ಮಟ, ಎಲ್ಲದರ ಮೊದಲ ರೂಪ ಇಲ್ಲಿದೆ.

ನಮ್ಮ ಅತ್ತೆಯವರನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಒಂದು ಜುಲೈ ತಿಂಗಳಲ್ಲಿ. ಆಗಷ್ಟೇ ಒಂದು ಮಳೆ ಬಂದು ನಿಂತಿತ್ತು. ನಾನು ಮುಂದಿನ ಜಾಗಕ್ಕೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದೆ. ಅವರು ಜಗಲಿಯ ಅಂಚಿನಲ್ಲಿ ಕೂತು, ಒದ್ದೆ ಕಲ್ಲಿನ ಮೇಲೆ ಅಂಗೈ ಆಡಿಸುತ್ತ, "ಎಂತಕ್ಕೆ ಮಾರಾಯ್ತಿ ಇಷ್ಟು ಗಡಿಬಿಡಿ? ಕೂರು. ನಮ್ಮ ಜಂಬಿಟ್ಟಿಗೆ ಗೋಡೆ ಮಳೆಗೆ ನೆಂದಾಗ ಹೀಗೇ ಅಲ್ಲವೇನೇ ಬಣ್ಣ ಬಿಡುವುದು" ಎಂದರು. ಇಬ್ಬರೂ ಒಂದೂವರೆ ಗಂಟೆ ಕೂತೆವು. ತೋಟದ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಅತ್ತೆ ಆ ಕಾಲುವೆಯ ಜಾಡು ಹಿಡಿದು ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿ, ನಗರದ ಹತ್ತಿರದ ದೇವಗಂಗೆಯ ಕೊಳಗಳನ್ನು ನೆನೆಸಿಕೊಂಡರು. ತೋಟಕ್ಕೆ ನೀರು ಕಟ್ಟಿದ ಕೈ ಅವರದು. ಸಮತಟ್ಟು ನೆಲದಲ್ಲಿ ಇಷ್ಟು ತೆಳುವಾಗಿ ನೀರು ಓಡಿಸಬೇಕಾದರೆ ವಾಟ ಹಿಡಿದವನು ಎಂಥವನಿರಬೇಕು ಎಂದು ಮತ್ತೆ ಮತ್ತೆ ಹೇಳಿದರು. ಈಗ ಅವರಿಲ್ಲ. ಆ ಗೋರಿ ಎಂದರೆ ನನಗೆ ಅವರ ಅಂಗೈ ನೆನಪಾಗುತ್ತದೆ.

1857ರ ದಂಗೆ ಸೋತಾಗ ಕೊನೆಯ ಮೊಗಲ್ ಬಾದಶಹ ಬಹಾದೂರ್ ಶಾ ಜಫರ್ ಬಂದು ಅವಿತದ್ದೂ ಇಲ್ಲೇ, ಪೂರ್ವಿಕನ ಗೋರಿಯಲ್ಲಿ. ಬ್ರಿಟಿಷರು ಅವನನ್ನು ಇಲ್ಲಿಂದಲೇ ಹಿಡಿದೊಯ್ದರು.

ಮೂರನೆಯ ದಿನ ಉತ್ತರಕ್ಕೆ, ಷಹಜಹಾನಾಬಾದಿಗೆ, ಅಂದರೆ ಈಗಿನ ಹಳೆ ದಿಲ್ಲಿಗೆ. ನೇರಳೆ ಮಾರ್ಗದಲ್ಲಿ ಲಾಲ್ ಕಿಲಾ ಎಂಬ ನಿಲ್ದಾಣವೇ ಇದೆ. ಷಹಜಹಾನ್ ಆಗ್ರಾ ಬಿಟ್ಟು ಇಲ್ಲಿ ಕೆಂಪು ಕೋಟೆಗೆ ಕಲ್ಲು ಹಾಕಿಸಿದ್ದು 1639ರಲ್ಲಿ. ವೀರಭದ್ರ ನಾಯಕರು ಬಿದನೂರಿಗೆ ಗಂಟುಮೂಟೆ ಕಟ್ಟಿದ್ದೂ ಆಸುಪಾಸಿನಲ್ಲೇ. ಅಲ್ಲಿ ಮೆರೆಯಲು ಹೊಸ ರಾಜಧಾನಿ, ಇಲ್ಲಿ ಉಳಿಯಲು ಹೊಸ ರಾಜಧಾನಿ. ಕೋಟೆಯೊಳಗೆ ದಿವಾನ್-ಎ-ಖಾಸ್, ರಂಗಮಹಲಿನ ಕಮಲದ ಅಮೃತಶಿಲೆಯ ಕೊಳ ನೋಡಿ. ಇದೆಲ್ಲ ಉಳಿದ ಚೂರು ಮಾತ್ರ, ಬಹುಪಾಲು ಅರಮನೆಯನ್ನು 1857ರ ನಂತರ ಬ್ರಿಟಿಷರು ಕೆಡವಿ ಸೈನಿಕರ ಬ್ಯಾರಕ್ಕು ಕಟ್ಟಿದರು. ಮಯೂರ ಸಿಂಹಾಸನ ಕೇಳಬೇಡಿ, 1739ರಲ್ಲೇ ನಾದಿರ್ ಷಾ ಹೊತ್ತೊಯ್ದ. ಒಳಗೊಂದು ಪುಟ್ಟ ಬಿಳಿ ಮಸೀದಿ ಇದೆ, ಮೋತಿ ಮಸೀದಿ. ಔರಂಗಜೇಬ್ ಕಟ್ಟಿಸಿದ್ದು. ಅವನ ಸೇನೆ ಬೆನ್ನಟ್ಟಿದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಮೊಗಲರ ಪಡೆಯನ್ನು ಮಲೆನಾಡಿನಲ್ಲಿ ಎದುರಿಸಿದ್ದು ನಮ್ಮ ಕೆಳದಿ ಚೆನ್ನಮ್ಮ. ಆ ಮಸೀದಿಯ ಮುಂದೆ ನಿಂತಾಗ ಮಕ್ಕಳಿಗೆ ಈ ಮಾತು ಹೇಳಿ. ಸುಭಾಷ್ ಚಂದ್ರ ಬೋಸರ ಸೇನೆಯವರ ವಿಚಾರಣೆ 1945ರಲ್ಲಿ ನಡೆದದ್ದೂ ಇದೇ ಕೋಟೆಯಲ್ಲಿ.

ಹೊರಗೆ ಬಂದರೆ ಎದುರಿಗೇ ಚಾಂದನಿ ಚೌಕ. ಜೈನರ ಲಾಲ್ ಮಂದಿರ, ಗೌರಿಶಂಕರ ದೇವಸ್ಥಾನ, ಗುರು ತೇಗಬಹಾದೂರರ ಬಲಿದಾನದ ಜಾಗದಲ್ಲಿರುವ ಸೀಸ್ ಗಂಜ್ ಗುರುದ್ವಾರ, ಕೊನೆಯಲ್ಲಿ ಫತೇಪುರಿ ಮಸೀದಿ, ಎಲ್ಲವೂ ಒಂದೇ ಬೀದಿಯಲ್ಲಿ. ಹಗಲು ಹೊತ್ತು ಮೋಟಾರು ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ, ಆರಾಮವಾಗಿ ನಡೆಯಬಹುದು. ಮಸೀದಿ ದಾಟಿದರೆ ಖಾರಿ ಬಾವಲಿ, ಮಸಾಲೆ ಸಾಮಾನಿನ ಸಗಟು ಪೇಟೆ. ಇದು ಯಾರ ಪಟ್ಟಿಯಲ್ಲೂ ಇರುವುದಿಲ್ಲ, ನಿಮ್ಮದರಲ್ಲೂ ಇಲ್ಲ. ದಯವಿಟ್ಟು ಸೇರಿಸಿ. ಒಣಮೆಣಸಿನ ಘಾಟಿಗೆ ಕೆಮ್ಮು ಬರುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕಾಳುಮೆಣಸು, ಏಲಕ್ಕಿ, ಅಡಿಕೆಯ ಚೀಲಗಳ ನಡುವೆ ನಡೆಯುವಾಗ ಮೂಗಿಗೆ ಬರುವುದು ನಮ್ಮ ಅಟ್ಟದ ವಾಸನೆ. ಇಲ್ಲಿ ಮಂಡಿಗೆ ಹಾಕಿ ಬಂದ ಮೇಲೆ ನಮ್ಮ ಮಾಲು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಅಲ್ಲಿ ಒಂದು ಉತ್ತರ ನೋಡಬಹುದು.

ನಾಲ್ಕನೆಯ ದಿನ ಹೊಸದಿಲ್ಲಿ. ಐದನೆಯ ಜಾರ್ಜ್ 1911ರ ಡಿಸೆಂಬರ್ 12ರಂದು ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ ಸಾರಿದ. ಲುಟ್ಯೆನ್ಸ್, ಬೇಕರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಸೇರಿ ಕಟ್ಟಿ 1931ರಲ್ಲಿ ಉದ್ಘಾಟನೆಯಾಯಿತು. ಅದರ ನಂತರ ಬ್ರಿಟಿಷರಿಗೆ ಸಿಕ್ಕಿದ್ದು ಹದಿನಾರೇ ವರ್ಷ. ಇಂಡಿಯಾ ಗೇಟ್, ಕರ್ತವ್ಯ ಪಥ, ರಾಷ್ಟ್ರಪತಿ ಭವನ ಒಂದೇ ಸಾಲಿನಲ್ಲಿವೆ. ಇಂಡಿಯಾ ಗೇಟಿನ ಪಕ್ಕದಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಸಂಜೆ ಹೋಗಿ. ಒಂದೊಂದು ಕಲ್ಲಿನ ಇಟ್ಟಿಗೆಯ ಮೇಲೂ ಮಡಿದ ಒಬ್ಬೊಬ್ಬ ಯೋಧನ ಹೆಸರು. ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮೊಹೆಂಜೋದಾರೋದ ನರ್ತಕಿಯ ಕಂಚಿನ ಬೊಂಬೆ ಇದೆ, ಅಂಗೈಯಷ್ಟೇ ದೊಡ್ಡದು, ಹುಡುಕಿ ನೋಡಿ.

ಆ ದಿನ ಬೆಳಿಗ್ಗೆಯನ್ನು ಮಾತ್ರ ಗಾಂಧಿ ಸ್ಮೃತಿಗೆ ಇಡಿ. ರಾಜಘಾಟಿಗೆ ಎಲ್ಲರೂ ಹೋಗುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಬಿರ್ಲಾ ಅವರ ಈ ಮನೆಯಲ್ಲಿ ಗಾಂಧೀಜಿ ಕೊನೆಯ 144 ದಿನ ಇದ್ದರು. 1948ರ ಜನವರಿ 30ರ ಸಂಜೆ ಕೋಣೆಯಿಂದ ಪ್ರಾರ್ಥನೆಯ ಜಾಗಕ್ಕೆ ಅವರು ನಡೆದ ಹೆಜ್ಜೆಗಳನ್ನು ಸಿಮೆಂಟಿನಲ್ಲಿ ಮೂಡಿಸಿದ್ದಾರೆ. ಆ ಹೆಜ್ಜೆಗಳ ಪಕ್ಕದಲ್ಲಿ ನಡೆಯುತ್ತ ಹೋದರೆ ಒಂದು ಕಡೆ ಅವು ನಿಂತುಬಿಡುತ್ತವೆ. ನಾನು ಎಷ್ಟೋ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಅಲ್ಲಿಂದ ಹೊರಗೆ ಬರುವ ತನಕ ಯಾರೂ ಮಾತಾಡಿದ್ದಿಲ್ಲ.

ಕಮಲ ಮಂದಿರ, ಅಕ್ಷರಧಾಮ ಬಿಟ್ಟಿದ್ದೇನೆಂದು ಕೆಲವರಿಗೆ ಬೇಸರವಾಗಬಹುದು. ಎರಡೂ ಚೆನ್ನಾಗಿವೆ. ನಾಲ್ಕು ದಿನದಲ್ಲಿ ಅವನ್ನು ತುರುಕಿದರೆ ಹುಮಾಯೂನನ ತೋಟದಲ್ಲಿ ಕೂರುವ ಹೊತ್ತು ಹೋಗುತ್ತದೆ, ಅದಕ್ಕೆ ನಾನು ಒಪ್ಪಲಾರೆ. ಊಟದ ವಿಚಾರಕ್ಕೆ ಬಂದರೆ, ಒಂದು ಹೊತ್ತಾದರೂ ಬಂಗ್ಲಾ ಸಾಹಿಬ್ ಗುರುದ್ವಾರದ ಲಂಗರಿನಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣಿ. ತಲೆಗೆ ವಸ್ತ್ರ ಬೇಕು, ನೆನಪಿರಲಿ.

ಸೋಮವಾರದ ಬಗ್ಗೆ ಎಚ್ಚರ. ಕೆಂಪು ಕೋಟೆ, ವಸ್ತುಸಂಗ್ರಹಾಲಯ, ಗಾಂಧಿ ಸ್ಮೃತಿಗೆ ಅಂದು ರಜೆ. ಕುತುಬ್, ಹುಮಾಯೂನನ ಗೋರಿ ತೆರೆದಿರುತ್ತವೆ. ಆಗ್ರಾಕ್ಕೆ ಹೋಗುವವರು ಶುಕ್ರವಾರ ಹೋಗಬೇಡಿ, ತಾಜಿಗೆ ಅಂದು ಬಿಡುವು. ಮೆಟ್ರೋದಲ್ಲಿ ಸಾಗುವ ದಿಕ್ಕಿನ ಮೊದಲ ಬೋಗಿ ಹೆಂಗಸರದು, ಗಂಡಸರು ಆ ಕಡೆ ಓಡಿ ಹತ್ತಬೇಡಿ.

ಹೊರಡುವ ಮುನ್ನ ಒಂದು ಕೆಲಸ ಮಾಡೋಣ. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಇಕ್ಕೇರಿ ದೇವಸ್ಥಾನದ ಹತ್ತಿರ ಸೇರಿ. ಅಲ್ಲಿಂದ ಕೆಳದಿ, ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ನಗರದ ಕೋಟೆ, ಸಂಜೆ ದೇವಗಂಗೆ. ವಾಹನಕ್ಕೆ ಹೇಳಿಟ್ಟಿದ್ದೇನೆ. ಬುತ್ತಿಗೆ ಚಿತ್ರಾನ್ನ ನಾನು ತರುತ್ತೇನೆ, ಮಜ್ಜಿಗೆ ಯಾರು ತರುತ್ತೀರಿ, ಈಗಲೇ ಹೇಳಿ.