ಮಲಗುವ ಜಾಗ, ಮೇಯುವ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ಆಯುಧಪೂಜೆಗೆ ಇನ್ನೂ ನಾಲ್ಕು ದಿನ ಇತ್ತು. ಅಮೆರಿಕದಿಂದ ಅಕ್ಕನ ಮಗ ಫೋನ್ ಮಾಡಿದ. ಅವನಿರುವುದು ನೆಬ್ರಾಸ್ಕಾ ರಾಜ್ಯದ ಒಮಾಹಾ ಊರಲ್ಲಿ. ಮಳೆ, ಮಂಡಿನೋವು, ಮೆಕ್ಕೆಜೋಳದ ರೇಟು ಎಲ್ಲಾ ಮುಗಿದ ಮೇಲೆ ಮೆಲ್ಲಗೆ ಕೇಳಿದ. "ಮಾಮ, ಆಫೀಸಿನ ಗೆಳೆಯರು ಫೆಸೆಂಟ್ ಅನ್ನೋ ಹಕ್ಕಿ ಬೇಟೆಗೆ ಕರೀತಿದ್ದಾರೆ. ನನಗಿದು ಮೊದಲ ಸಲ. ಎಲ್ಲಿಗೆ ಹೋಗೋದು ಅಂತ ನೀನೇ ಆರಿಸು ಅಂದುಬಿಟ್ಟಿದ್ದಾರೆ. ನೀವೇನಂತೀರಿ?"

ನಾನೇನು ಹೇಳಲಿ? ಜಗಳೂರು ಕಡೆಯ ರೈತ ನಾನು. ಕೋವಿ ಮುಟ್ಟಿದವನಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕಾಡುಹಕ್ಕಿ ಹೊಡೆದರೆ ಜೈಲು. ಶೇಂಗಾ ಕೆದಕಲು ಬರುವ ನವಿಲನ್ನು ಹುಶ್ ಅಂತ ಓಡಿಸಬಹುದು, ಅಷ್ಟೇ. ಅದೇ ಸರಿ ಅನ್ನುವವನು ನಾನು. ಅಲ್ಲಿಯ ಕಾನೂನು ಬೇರೆ. ಲೈಸೆನ್ಸ್ ತಗೋಬೇಕು, ದಿನಕ್ಕೆ ಇಂತಿಷ್ಟೇ ಅಂತ ಲೆಕ್ಕ ಇಡಬೇಕು.

ಹುಡುಗ ನನ್ನನ್ನೇ ಕೇಳಿದ್ದಕ್ಕೂ ಕಾರಣ ಇತ್ತು. ನಮ್ಮಜ್ಜ ಕಾಯ್ದೆ ಬರುವ ಮುಂಚೆ ಗೌಜಲಕ್ಕಿಗೆ ಉರುಲು ಹಾಕುತ್ತಿದ್ದವರು. ಕುದುರೆ ಬಾಲದ ಕೂದಲನ್ನು ತೊಡೆಯ ಮೇಲಿಟ್ಟು ಹೊಸೆಯುವರು. ಹೊಸೆದ ಎಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕುಣಿಕೆ ಬಿಗಿಯುವರು. ಅವರದು ಒಂದೇ ಮಾತು. "ಹಕ್ಕಿ ಹುಡುಕ್ಕೊಂಡು ಅಲೀಬೇಡ. ಅದು ಎಲ್ಲಿ ಮಲಗುತ್ತೆ ನೋಡು, ಎಲ್ಲಿ ಮೇಯುತ್ತೆ ನೋಡು, ನಡುವೆ ಕೂತ್ಕೋ." ಈ ಮಾತನ್ನು ಹುಡುಗನಿಗೆ ಚಿಕ್ಕಂದಿನಲ್ಲಿ ನಾನೇ ಹೇಳಿದ್ದೆ.

ಸರಿ, ಸೊಸೆಯ ಮೊಬೈಲ್ ಹಿಡಿದು ಎರಡು ರಾತ್ರಿ ಓದುತ್ತಾ ಕೂತೆ.

ಫೆಸೆಂಟ್ ಅಂದರೆ ನಮ್ಮ ನವಿಲು, ಕಾಡುಕೋಳಿ, ಗೌಜಲಕ್ಕಿಯ ಬಳಗದ್ದೇ. ಗಂಡಿಗೆ ತಾಮ್ರದ ಬಣ್ಣದ ಮೈ, ಉದ್ದ ಬಾಲ, ಕೊರಳಲ್ಲಿ ಬಿಳಿ ದಾರ ಸುತ್ತಿದಂಥ ಪಟ್ಟಿ. ಹೆಣ್ಣು ಒಣಹುಲ್ಲಿನ ಬಣ್ಣದ್ದು. ಮೊಟ್ಟೆ ಮೇಲೆ ಕೂತರೆ ಕಾಲಿಗೆ ತಗಲುವವರೆಗೂ ಕಾಣುವುದಿಲ್ಲ. ತಮಾಷೆ ಅಂದರೆ ಈ ಹಕ್ಕಿ ಅಮೆರಿಕದ್ದೇ ಅಲ್ಲ. ಓವೆನ್ ಡೆನ್ನಿ ಅನ್ನುವವರು ಶಾಂಘೈನಲ್ಲಿ ಅಮೆರಿಕದ ಅಧಿಕಾರಿಯಾಗಿದ್ದರು. 1881ರಲ್ಲಿ ಚೀನಾದ ಹಕ್ಕಿಗಳನ್ನು ಹಡಗಿನಲ್ಲಿ ಆರೆಗಾನ್‌ಗೆ ಕಳಿಸಿದರು. ಆ ಸಲದವು ಹೆಚ್ಚಿನಂಶ ಸತ್ತವು. ಮರುವರ್ಷ ಮತ್ತೆ ಕಳಿಸಿದರು, ಅವು ಬೇರೂರಿದವು. "ಅದೂ ನಿನ್ನ ಹಾಗೇ ಕಣೋ, ಹೊರಗಿಂದ ಹೋಗಿ ಅಲ್ಲಿ ಮನೆ ಮಾಡಿದ್ದು" ಅಂದೆ. ಅವನು ನಗಲಿಲ್ಲ.

ಒಮಾಹಾದಿಂದ ಹೊಳೆ ದಾಟಿದರೆ ಅಯೋವಾ. ದಕ್ಷಿಣಕ್ಕೆ ಕಾನ್ಸಾಸ್, ಅಲ್ಲಿ ದಿನಕ್ಕೆ ನಾಲ್ಕು ಹುಂಜ ಹೊಡೆಯಬಹುದು. ಉತ್ತರಕ್ಕೆ ಸೌತ್ ಡಕೋಟಾ, ಅಲ್ಲಿ ಮೂರೇ. ಹುಡುಗನ ಮನಸ್ಸು ನಾಲ್ಕರ ಕಡೆ ವಾಲಿತ್ತು. ನನಗೆ ನಗು ಬಂತು. ಮೊದಲ ಸಲ ಹೋಗುವವನಿಗೆ ಒಂದು ಸಿಕ್ಕರೆ ದೊಡ್ಡದು, ಅಲ್ವಾ?

ನಾನು ಸೌತ್ ಡಕೋಟಾ ಅಂದೆ. ಆ ರಾಜ್ಯದ ಹಕ್ಕಿಯೇ ಫೆಸೆಂಟ್. 1919ರಲ್ಲಿ ಮೊದಲ ಬೇಟೆ ನಡೆಯಿತು, ಒಂದೇ ಒಂದು ದಿನ, ಒಂದೇ ಜಿಲ್ಲೆಯಲ್ಲಿ. ಈಗ ಅಕ್ಟೋಬರ್ ಮೂರನೇ ಶನಿವಾರ ಶುರುವಾದರೆ ಜನವರಿ ಕೊನೆಯವರೆಗೆ. ಬೇಟೆ ಅಂದರೆ ನಮ್ಮ ಹಿರಿಯರು ಸೋವುವುದು ಅನ್ನುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ. ಒಂದಿಷ್ಟು ಜನ ನಾಯಿಗಳ ಜೊತೆ ಸಾಲಾಗಿ ಹೊಲದಲ್ಲಿ ನಡೆದುಬರುತ್ತಾರೆ, ಇನ್ನೊಂದಿಷ್ಟು ಜನ ಆ ತುದಿಯಲ್ಲಿ ಕಾಯುತ್ತಾರೆ. ಈ ಹಕ್ಕಿ ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಹಾರಿದರೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಅದು ಹುಂಜವೋ ಹೇಟೆಯೋ ಅಂತ ಗೊತ್ತು ಮಾಡಬೇಕು. ಹೇಟೆ ಹೊಡೆಯುವಂತಿಲ್ಲ. ಒಂದು ಹುಂಜ ಹಲವು ಹೇಟೆಗಳನ್ನು ಕೂಡುತ್ತೆ, ಹಾಗಾಗಿ ಹುಂಜ ನಾಲ್ಕು ಕಮ್ಮಿಯಾದರೂ ಸಂತಾನಕ್ಕೆ ತೊಂದರೆ ಇಲ್ಲ ಅನ್ನುವ ಲೆಕ್ಕ.

ಆದರೆ ರಾಜ್ಯ ಆರಿಸಿದರೆ ಮುಗಿಯಲಿಲ್ಲ. ಯಾವ ಹೊಲ? ಇಲ್ಲಿ ಅಜ್ಜ ನೆನಪಾದರು. ಮೇಯುವುದಕ್ಕೆ ಮೆಕ್ಕೆಜೋಳ ಅಲ್ಲಿ ಬೇಕಾದಷ್ಟಿದೆ. ಮಿಚೆಲ್ ಅನ್ನುವ ಊರಲ್ಲಿ ಒಂದು ಕಟ್ಟಡದ ಗೋಡೆಗೆ ತೆನೆಗಳನ್ನೇ ಹೊಡೆದು ಚಿತ್ರ ಮಾಡಿದ್ದಾರೆ. ದಾವಣಗೆರೆ ಎಪಿಎಂಸಿಯಲ್ಲಿ ರಾಶಿ ನೋಡಿದ ನಮಗೂ ಇದು ಹೊಳೆದಿರಲಿಲ್ಲ! ಕೊರತೆ ಇರುವುದು ಮಲಗುವ ಜಾಗಕ್ಕೆ. ಹುಲ್ಲಿಲ್ಲದಿದ್ದರೆ ಗೂಡಿಲ್ಲ, ಗೂಡಿಲ್ಲದಿದ್ದರೆ ಹಕ್ಕಿಯಿಲ್ಲ. ಅಲ್ಲಿಯ ಸರ್ಕಾರ 1985ರಿಂದ ರೈತರಿಗೆ ದುಡ್ಡು ಕೊಟ್ಟು, ಸವಕಲು ಭೂಮಿಯನ್ನು ಹತ್ತು ಹದಿನೈದು ವರ್ಷ ಉಳದೆ ಹುಲ್ಲಿಗೆ ಬಿಡಿಸುತ್ತಿದೆ. ಬೆಲೆ ಏರಿದಾಗ ರೈತರು ಅದನ್ನೂ ಉತ್ತುಬಿಡುತ್ತಾರೆ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ನಾನೂ ಮೂರು ಸಾಲು ಜಾಸ್ತಿ ಬರಲಿ ಅಂತ ಬದು ಕೆತ್ತಿದವನೇ. ಆ ಬದುವಿನಲ್ಲಿ ಮುಂಜಾನೆ ಕೂಗುತ್ತಿದ್ದ ಗೌಜಲಕ್ಕಿ ಈಗ ಪಕ್ಕದವರ ಬೀಳಿನಲ್ಲಿ ಕೂಗುತ್ತದೆ.

ಹಾಗಾಗಿ ಅವನಿಗೆ ಹೇಳಿದೆ. ನಕ್ಷೆ ತೆಗೆದು ಮೂರು ಒಟ್ಟಿಗಿರುವ ಕಡೆ ಗುರುತು ಮಾಡು. ಮೆಕ್ಕೆಜೋಳ, ಹುಲ್ಲು, ಮತ್ತೆ ಜೊಂಡು ಬೆಳೆದ ಜೌಗು. ಹಿಮ ಬಿದ್ದರೆ ಹಕ್ಕಿಗಳು ಜೊಂಡಿಗೇ ಸೇರುತ್ತವೆ. ಆರಂಭದ ವಾರ ಹೋಗಬೇಡ, ಜಾತ್ರೆ ಆಗಿರುತ್ತೆ. ನವೆಂಬರ್‌ನಲ್ಲಿ ಹೋಗು. ಕೊಯ್ಲು ಮುಗಿದ ಮೇಲೆ ಅಡಗಲು ಉಳಿಯುವ ಜಾಗ ಕಮ್ಮಿ, ನೀನು ಹುಡುಕುವುದೂ ಕಮ್ಮಿ. ಹೊರರಾಜ್ಯದವರ ಲೈಸೆನ್ಸ್ ಐದೈದು ದಿನದ ಎರಡು ಕಂತು, ಎರಡನ್ನೂ ಒಂದೇ ಸಲ ಸುಡಬೇಡ. ದುಡ್ಡು ಸುರಿದು ಖಾಸಗಿ ಲಾಡ್ಜಿಗೆ ಹೋಗುವುದೂ ಬೇಡ, ಅಲ್ಲಿ ಸಾಕಿ ಬಿಟ್ಟ ಹಕ್ಕಿ ಇರುವುದುಂಟು. ಸರ್ಕಾರವೇ ರೈತರಿಂದ ಗುತ್ತಿಗೆ ಹಿಡಿದು ಎಲ್ಲರಿಗೂ ತೆರೆದಿಟ್ಟ ಹೊಲಗಳಿವೆ. ಗಾಡಿ ಹೊರಗೆ ಬಿಟ್ಟು ನಡೆದೇ ಹೋಗಬೇಕು. ಬೇಲಿಯಾಚೆಯದು ಬೇರೆಯವರದಾದರೆ ಮನೆ ಬಾಗಿಲು ತಟ್ಟಿ ಕೇಳು. ಬೇಡ ಅಂದರೆ ಥ್ಯಾಂಕ್ಸ್ ಹೇಳಿ ಬಾ. ಇನ್ನೊಂದು, ಒಳ್ಳೆ ನಾಯಿ ಇರುವ ಗೆಳೆಯನನ್ನು ಬಿಟ್ಟು ಹೋಗಲೇಬೇಡ. ಗಾಯದ ಹಕ್ಕಿ ಹುಲ್ಲಲ್ಲಿ ನುಗ್ಗಿದರೆ ನಾಯಿಗಲ್ಲದೆ ಮನುಷ್ಯನಿಗೆ ಸಿಗುವುದಿಲ್ಲ. ಅದನ್ನು ಸುಮ್ನೆ ಸಾಯಲು ಬಿಟ್ಟು ಬರುವುದು ನನ್ನ ಪ್ರಕಾರ ಪಾಪ.

ಇಷ್ಟೆಲ್ಲ ಕೇಳಿ ಇಲ್ಲೇ ಯಾರಿಗಾದರೂ ಕಾಲು ತುರಿಸಿದರೆ, ಕೋವಿ ಬೇಡ, ದುರ್ಬೀನು ಹಿಡಿಯಿರಿ. ಚಿತ್ರದುರ್ಗದ ಪಕ್ಕ ಜೋಗಿಮಟ್ಟಿ ಇದೆ. ನಮ್ಮ ಜಗಳೂರಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ಕಾಡಿದೆ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ. ಅಜ್ಜನ ಸೂತ್ರ ಅಲ್ಲೂ ನಡೆಯುತ್ತೆ, ಉರುಲಿಲ್ಲದೆ.

ನವೆಂಬರ್‌ನಲ್ಲಿ ಒಂದು ರಾತ್ರಿ ಒಂಬತ್ತೂಕಾಲಿಗೆ ಫೋನ್ ಬಂತು. ಅಲ್ಲಿ ಬೆಳಿಗ್ಗೆ ಒಂಬತ್ತೂಮುಕ್ಕಾಲು. ಸೌತ್ ಡಕೋಟಾದಲ್ಲಿ ಹತ್ತು ಗಂಟೆಗೆ ಮುಂಚೆ ಗುಂಡು ಹಾರಿಸುವಂತಿಲ್ಲ. "ಹೊಲದ ಬದುವಿನಲ್ಲಿ ನಿಂತಿದ್ದೀನಿ ಮಾಮ, ಇನ್ನೂ ಕಾಲು ಗಂಟೆ ಇದೆ, ಕೈ ನಡುಗ್ತಿದೆ" ಅಂದ. ಚಳಿಗೋ ಭಯಕ್ಕೋ ಅಂತ ಕೇಳಲಿಲ್ಲ. ಅವನ ಮಾತಿನ ಹಿಂದೆ ಒಂದು ನಾಯಿ ಕುಂಯ್‌ಗುಡುತ್ತಿತ್ತು. ಗಾಳಿಗೆ ಒಣಗಿದ ಮೆಕ್ಕೆಜೋಳದ ಗರಿ ಸರಸರ ಅನ್ನುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಕೇಳಿದೆವು. ಆಮೇಲೆ ಯಾರೋ ಅವನನ್ನು ಕೂಗಿದರು. "ಇಡ್ತೀನಿ ಮಾಮ" ಅಂದ.

ನಮಸ್ಕಾರ.